ಮೂರು ದಿನದ ತರಬೇತಿ, ಮೂವತ್ತು ವರ್ಷದ ಪಾಠ

ಮಕ್ಕಳ ವಾರ್ಡಿನಲ್ಲಿ ಒಂದು ದಿನ ಹೌಸ್‌ಸರ್ಜನ್ ಹುಡುಗನೊಬ್ಬ ಭೇದಿಯಾಗಿ ಬಂದಿದ್ದ ಮಗುವಿನ ತಾಯಿಗೆ ಒಆರ್‌ಎಸ್ ಪ್ಯಾಕೆಟ್ ಕೊಡುತ್ತಿದ್ದ. "ಇದನ್ನ ನೀರಲ್ಲಿ ಕಲಸಿ ಕುಡಿಸ್ತಾ ಇರಿ ಅಮ್ಮಾ" ಅಂದ. ಆಕೆ ಕೇಳಿದಳು, "ಎಷ್ಟು ನೀರಿಗೆ ಸಾರ್? ಒಂದು ಲೋಟಕ್ಕೆ ಪೂರ್ತಿ ಹಾಕ್ಲಾ?" ಹುಡುಗ ತಡವರಿಸಿದ. ಪಕ್ಕದಲ್ಲಿದ್ದ ಸಿಸ್ಟರ್ ಮುಖ ನೋಡಿದ. "ಒಂದು ಲೀಟರ್ ಬಾಟಲಿಗೆ ಪೂರ್ತಿ ಪ್ಯಾಕೆಟ್ ಅಮ್ಮಾ, ಲೋಟಕ್ಕೆ ಹಾಕ್ಬೇಡಿ" ಅಂದರು ಸಿಸ್ಟರ್.

ರೌಂಡ್ಸ್ ಮುಗಿದ ಮೇಲೆ ಅವನನ್ನು ಕರೆದು, ಒಆರ್‌ಎಸ್‌ನಲ್ಲಿ ಏನೇನು ಎಷ್ಟೆಷ್ಟಿದೆ ಹೇಳು ಅಂದೆ. ಸೋಡಿಯಂ 75, ಕ್ಲೋರೈಡ್ 65, ಗ್ಲೂಕೋಸ್ 75, ಪೊಟ್ಯಾಶಿಯಂ 20, ಸಿಟ್ರೇಟ್ 10, ಒಟ್ಟು 245. ಒಂದೇ ಉಸಿರಿಗೆ ಹೇಳಿದ. ಒಂದೂ ತಪ್ಪಿರಲಿಲ್ಲ. ಆ ಸಂಖ್ಯೆಗಳೆಲ್ಲ ಒಂದು ಲೀಟರಿಗೆ ಲೆಕ್ಕ ಹಾಕಿದವು. ಸಂಖ್ಯೆಗಳನ್ನು ಅವನು ಬಾಯಿಪಾಠ ಮಾಡಿದ್ದ, ಲೀಟರು ಎಲ್ಲೋ ಬಿಟ್ಟುಹೋಗಿತ್ತು.

ಇದು ಹುಡುಗನ ತಪ್ಪಲ್ಲ. ನಾವು ವರ್ಷಗಟ್ಟಲೆ ಪರೀಕ್ಷೆಯಲ್ಲಿ ಕೇಳಿದ್ದು ಆ ಸಂಖ್ಯೆಗಳನ್ನೇ. ತಾಯಿಗೆ ಹೇಗೆ ಹೇಳ್ತೀಯ ಎಂದು ಯಾವ ಪೇಪರಿನಲ್ಲೂ ಕೇಳಿರಲಿಲ್ಲ. ಏನು ಕೇಳುತ್ತೀವೋ ಅದನ್ನೇ ಮಕ್ಕಳು ಓದುತ್ತಾರೆ. ಮೆಡಿಕಲ್ ಕಾಲೇಜಿನ ಶಿಕ್ಷಕರಿಗೆ ಕಲಿಸುವ ವಿಧಾನ, ಪರೀಕ್ಷೆ ಮಾಡುವ ವಿಧಾನ ಎರಡರಲ್ಲೂ ತರಬೇತಿ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆ ತಾಯಿಯ ಪ್ರಶ್ನೆಯೇ ನೆನಪಾಗುತ್ತದೆ.

ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಲು ಡಿ.ಎಡ್ ಮಾಡಿರಬೇಕು, ಹೈಸ್ಕೂಲಿಗೆ ಬಿ.ಎಡ್ ಬೇಕು. ಮೆಡಿಕಲ್ ಕಾಲೇಜಿಗೆ ಎಂಡಿ ಅಥವಾ ಎಂಎಸ್ ಆಗಿ, ಸೀನಿಯರ್ ರೆಸಿಡೆನ್ಸಿ, ಅಂದರೆ ಆ ಓದಿನ ನಂತರದ ಆಸ್ಪತ್ರೆ ಕೆಲಸ, ಮುಗಿಸಿದರೆ ಸಾಕು. ನೆನ್ನೆಯವರೆಗೆ ಡ್ಯೂಟಿ ಮಾಡುತ್ತಿದ್ದವರು ಇವತ್ತು ಅಸಿಸ್ಟೆಂಟ್ ಪ್ರೊಫೆಸರ್. ನಾಳೆ ಬೆಳಿಗ್ಗೆ 150 ಮಕ್ಕಳ ಎದುರು ನಿಂತು ಪಾಠ ಮಾಡಬೇಕು. ಹೇಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ತಮಗೆ ಹೇಗೆ ಪಾಠ ಮಾಡಿದ್ದರೋ ಹಾಗೇ ಮಾಡುತ್ತಾರೆ. ತಮಗೆ ಹೇಗೆ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆಯ ಪ್ರಶ್ನೆ, ಕೇಳಿದ್ದರೋ ಹಾಗೇ ಕೇಳುತ್ತಾರೆ. ಒಳ್ಳೆಯ ಮೇಷ್ಟ್ರು ಸಿಕ್ಕಿದ್ದವರು ಒಳ್ಳೆಯದನ್ನು ಮುಂದುವರಿಸುತ್ತಾರೆ, ಬೈಗುಳ ತಿಂದು ಬಂದವರು ಬೈಗುಳವನ್ನೂ ಮುಂದುವರಿಸುತ್ತಾರೆ.

ಈ ಕೊರತೆ ನಮ್ಮ ದೇಶದಲ್ಲಿ ಯಾರಿಗೂ ಕಂಡಿರಲಿಲ್ಲ ಎಂದಲ್ಲ. ಪುದುಚೇರಿಯ ಜಿಪ್ಮರ್‌ನಲ್ಲಿ 1970ರ ದಶಕದಲ್ಲೇ ವೈದ್ಯ ಶಿಕ್ಷಕರ ತರಬೇತಿಗೆ ರಾಷ್ಟ್ರೀಯ ಕೇಂದ್ರ ಶುರುವಾಗಿತ್ತು. 1997ರ ಎಂಬಿಬಿಎಸ್ ನಿಯಮಾವಳಿ ಪ್ರತಿ ಕಾಲೇಜಿನಲ್ಲೂ ಮೆಡಿಕಲ್ ಎಜುಕೇಶನ್ ಯೂನಿಟ್ ಇರಬೇಕು ಎಂದಿತು. ಆಗಿನ ಮೆಡಿಕಲ್ ಕೌನ್ಸಿಲ್ 2009ರಿಂದ ಪ್ರಾದೇಶಿಕ ಕೇಂದ್ರಗಳ ಮೂಲಕ ಶಿಕ್ಷಕರಿಗೆ ಬೇಸಿಕ್ ಕೋರ್ಸ್ ನಡೆಸತೊಡಗಿತು. ಆದರೂ ತುಂಬಾ ಕಡೆ ಇದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬಂತಿತ್ತು. ಯೂನಿಟ್ ಅಂದರೆ ಒಂದು ರೂಮು, ಒಂದು ಬೋರ್ಡು, ಇನ್‌ಸ್ಪೆಕ್ಷನ್ ದಿನ ಧೂಳು ಒರೆಸಿದ ಒಂದು ಕಪಾಟು.

ಚಿತ್ರ ಬದಲಾಗಿದ್ದು 2019ರಲ್ಲಿ. ಆ ವರ್ಷದ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಸಿಬಿಎಂಇ ಎಂದೇ ಎಲ್ಲರೂ ಕರೆಯುತ್ತಾರೆ. ಮೊದಲು ಪಠ್ಯಕ್ರಮ ಅಂದರೆ ಓದಬೇಕಾದ ವಿಷಯಗಳ ಪಟ್ಟಿ. ಈಗ ಅದು ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಎಂಬುದರ ಪಟ್ಟಿ. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಶಿಕ್ಷಕರ ಕೆಲಸ ಪೂರ್ತಿ ಬದಲಾಗುತ್ತದೆ. 'ಭೇದಿ' ಎಂಬ ಪಾಠವನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸಬಹುದು. 'ನಿರ್ಜಲೀಕರಣ ಎಷ್ಟಿದೆ ಎಂದು ಮಗುವನ್ನು ನೋಡಿ ಹೇಳಬೇಕು' ಎಂದರೆ ಗಂಟೆ ಹೊಡೆದು ಹೊರಡುವ ಹಾಗಿಲ್ಲ. ಮಾಡಿಸಬೇಕು, ನೋಡಬೇಕು, ತಿದ್ದಬೇಕು. ಇದರ ಜೊತೆಗೆ ಫೌಂಡೇಶನ್ ಕೋರ್ಸ್ ಬಂತು, ಮೊದಲ ವರ್ಷದಿಂದಲೇ ರೋಗಿಗಳ ಪರಿಚಯ ಬಂತು, ಲಾಗ್‌ಬುಕ್ ಬಂತು. ನಡವಳಿಕೆ, ನೀತಿ, ಸಂವಹನ ಕಲಿಸುವ ಏಟ್‌ಕಾಮ್ ಬಂತು. ಪಾಠ ಮಾಡುವವರು ಮಾತ್ರ ಹಳೆಯ ಪದ್ಧತಿಯಲ್ಲಿ ಓದಿ ಬಂದ ನಾವೇ.

ಹಾಗಾಗಿ ತರಬೇತಿಗೆ ಬಲ ಬಂತು. ಶಿಕ್ಷಕರ ಅರ್ಹತೆಯ 2022ರ ನಿಯಮಗಳ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯಿಂದ ಅಸೋಸಿಯೇಟ್ ಪ್ರೊಫೆಸರ್ ಆಗಲು ನಾಲ್ಕು ವರ್ಷದ ಸೇವೆ, ಎರಡು ಪ್ರಕಟಿತ ಲೇಖನ, ಸಂಶೋಧನಾ ವಿಧಾನದ ಬೇಸಿಕ್ ಕೋರ್ಸ್ ಮತ್ತು ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್ ಬೇಕು ಎಂದಾಯಿತು. ಈ ಕೊನೆಯದೇ ನಾವು ಮಾತಾಡುತ್ತಿರುವ ಮೂರು ದಿನದ ವರ್ಕ್‌ಶಾಪ್. ಇನ್ನೂ ಮುಂದೆ ಹೋಗಬೇಕು ಅನ್ನುವವರಿಗೆ ಒಂದು ಪ್ರಾಜೆಕ್ಟ್ ಸಮೇತ ಅಡ್ವಾನ್ಸ್ಡ್ ಕೋರ್ಸ್ ಇದೆ. ಮುಂಬೈ, ಲುಧಿಯಾನ, ಕೊಯಮತ್ತೂರಿನಲ್ಲಿ ಫೈಮರ್ ಎಂಬ ವೈದ್ಯ ಶಿಕ್ಷಣ ಸಂಸ್ಥೆಯ ಫೆಲೋಶಿಪ್ ಇದೆ.

ನಾನು ಬೇಸಿಕ್ ಕೋರ್ಸಿಗೆ ಹೋಗಿದ್ದು ಸರ್ಟಿಫಿಕೇಟಿಗಾಗಿಯೇ. ಮುಚ್ಚುಮರೆ ಏನಿಲ್ಲ. ಆದರೆ ಅಲ್ಲಿ ನಡೆದ ಒಂದು ಮೈಕ್ರೋಟೀಚಿಂಗ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪ್ರತಿಯೊಬ್ಬರೂ ಐದಾರು ನಿಮಿಷ ಪಾಠ ಮಾಡಬೇಕು, ಉಳಿದವರು ಕೂತು ನೋಡಿ ಹೇಳಬೇಕು. ನಮ್ಮ ಗುಂಪಿನಲ್ಲಿ ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದ ಒಬ್ಬ ಸರ್ಜನ್ ಇದ್ದರು. ಹರ್ನಿಯಾ ಬಗ್ಗೆ ಪಾಠ ಮಾಡಿದರು. ವಿಷಯದ ಮೇಲೆ ಎಂಥ ಹಿಡಿತ! ಮುಗಿದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಅಸಿಸ್ಟೆಂಟ್ ಪ್ರೊಫೆಸರ್ ಮೆಲ್ಲಗೆ ಹೇಳಿದರು, "ಸರ್, ಕೊನೇವರೆಗೂ ನೀವು ಸ್ಕ್ರೀನ್ ಕಡೆನೇ ನೋಡ್ತಾ ಇದ್ರಿ. ನಮಗೆ ಪ್ರಶ್ನೆ ಕೇಳೋಕೆ ಜಾಗನೇ ಸಿಗಲಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹದಿನೈದು ವರ್ಷದಲ್ಲಿ ಇದನ್ನ ನನಗೆ ಹೇಳಿದ ಮೊದಲನೇ ವ್ಯಕ್ತಿ ನೀವೇ" ಅಂದರು.

ಆಪರೇಷನ್ ಥಿಯೇಟರಿನಲ್ಲಿ ಅವರ ಕೈ ನೋಡಿ ತಿದ್ದಿದವರು ಎಷ್ಟೋ ಜನ ಇದ್ದರು. ಪಾಠವನ್ನು ನೋಡಿ ತಿದ್ದಿದವರು ಒಬ್ಬರೂ ಇರಲಿಲ್ಲ.

ಆ ಮೂರು ದಿನದಲ್ಲಿ ತುಂಬುವ ವಿಷಯ ಕಡಿಮೆಯೇನಲ್ಲ. ದೊಡ್ಡವರು ಹೇಗೆ ಕಲಿಯುತ್ತಾರೆ, ಕಲಿಕೆಯ ಉದ್ದೇಶ ಬರೆಯುವುದು ಹೇಗೆ, ಸಣ್ಣ ಗುಂಪಿಗೆ ಪಾಠ, ಲೆಸನ್ ಪ್ಲಾನ್, ಪ್ರಶ್ನೆಪತ್ರಿಕೆ, ಫೀಡ್‌ಬ್ಯಾಕ್, ಏಟ್‌ಕಾಮ್, ಎಲ್ಲವೂ ಇದೆ. ನನ್ನನ್ನು ಕೇಳಿದರೆ ಇದರಲ್ಲಿ ಮೌಲ್ಯಮಾಪನಕ್ಕೆ ಇನ್ನೂ ಜಾಸ್ತಿ ಸಮಯ ಕೊಡಬೇಕು. ಪಾಠ ಸ್ವಲ್ಪ ಸಪ್ಪೆಯಾಗಿದ್ದರೂ ಈಗಿನ ಮಕ್ಕಳು ಬೇರೆ ಕಡೆ ವಿಡಿಯೋ ನೋಡಿ ಕಲಿತುಕೊಳ್ಳುತ್ತಾರೆ. ಪರೀಕ್ಷೆ ಕೆಟ್ಟದಾಗಿದ್ದರೆ ಅವರಿಗೆ ಬೇರೆ ದಾರಿಯಿಲ್ಲ.

ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. 'ಒಆರ್‌ಎಸ್ ಬಗ್ಗೆ ಟಿಪ್ಪಣಿ ಬರೆಯಿರಿ. 5 ಅಂಕ.' ಇದಕ್ಕೆ ಉರು ಹೊಡೆದರೆ ಸಾಕು. ಅದೇ ವಿಷಯವನ್ನು ಹೀಗೆ ಕೇಳಬಹುದು: 'ಎರಡು ವರ್ಷದ, 10 ಕೆಜಿ ತೂಕದ ಮಗುವಿಗೆ ನೆನ್ನೆಯಿಂದ ಭೇದಿ. ಕಿರಿಕಿರಿ ಮಾಡುತ್ತಿದೆ. ಕಣ್ಣು ಗುಳಿಬಿದ್ದಿದೆ. ನೀರು ಕೊಟ್ಟರೆ ಆಸೆಯಿಂದ ಕುಡಿಯುತ್ತದೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ. ನಿರ್ಜಲೀಕರಣ ಯಾವ ಮಟ್ಟದ್ದು? ಮೊದಲ ನಾಲ್ಕು ಗಂಟೆಯಲ್ಲಿ ಎಷ್ಟು ಒಆರ್‌ಎಸ್ ಕೊಡುತ್ತೀರಿ? ಮಗು ವಾಂತಿ ಮಾಡಿದರೆ ತಾಯಿ ಏನು ಮಾಡಬೇಕು?' ಇಲ್ಲಿ ವಿದ್ಯಾರ್ಥಿ ಲಕ್ಷಣಗಳನ್ನು ಕೂಡಿಸಿ ನೋಡಬೇಕು. ಕೆಜಿಗೆ 75 ಮಿಲಿಯಂತೆ 750 ಮಿಲಿ ಎಂದು ಲೆಕ್ಕ ಹಾಕಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಬೇಕು ಎಂದು ಗೊತ್ತಿರಬೇಕು. ಉತ್ತರ ಬರೆಯಲು ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಇಂಥ ಪ್ರಶ್ನೆ ತಯಾರು ಮಾಡಲು ಶಿಕ್ಷಕರಿಗೆ ಹೊತ್ತು ಬೇಕು, ಅಭ್ಯಾಸವೂ ಬೇಕು. ಟಿಪ್ಪಣಿ ಬರೆಯಿರಿ ಎನ್ನಲು ಎರಡೂ ಬೇಡ.

ಇದೂ ಪೂರ್ತಿ ಸಾಲದು. ಜಾರ್ಜ್ ಮಿಲ್ಲರ್ ಎಂಬ ವೈದ್ಯ ಶಿಕ್ಷಣ ತಜ್ಞರು 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ಈ ಕ್ಷೇತ್ರದಲ್ಲಿ ಎಲ್ಲರಿಗೂ ಪರಿಚಿತ. ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ನಿಜವಾಗಿ ಮಾಡುತ್ತಾನೆ. ಬರೆಯುವ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಎರಡನೇ ಮೆಟ್ಟಿಲು ದಾಟುವುದಿಲ್ಲ. ಮೂರನೆಯದಕ್ಕೆ ಕಣ್ಣೆದುರು ಮಾಡಿಸಿ ನೋಡಬೇಕು. ಅದಕ್ಕಾಗಿಯೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಗಾರರು 1975ರಲ್ಲಿ ಓಸ್ಕಿ ವಿಧಾನವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿಯೊಂದರಲ್ಲೂ ಕೆಲವೇ ನಿಮಿಷದಲ್ಲಿ ಒಂದು ಕೆಲಸ ಮಾಡುತ್ತಾರೆ. ಎಲ್ಲರಿಗೂ ಅದೇ ಕೆಲಸ, ಅದೇ ಚೆಕ್‌ಲಿಸ್ಟ್.

ಇದನ್ನು, ಒಬ್ಬೊಬ್ಬರಿಗೆ ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಲು ಕೊಡುವ ನಮ್ಮ ಹಳೆಯ ಲಾಂಗ್ ಕೇಸಿನ ಪಕ್ಕ ಇಟ್ಟು ನೋಡಿ. ಒಬ್ಬ ವಿದ್ಯಾರ್ಥಿಗೆ ತಾಳ್ಮೆಯಿಂದ ಮಾತಾಡುವ ರೋಗಿ, ಸರಿಯಾಗಿ ಕೇಳಿಸುವ ಹೃದಯದ ಮರ್ಮರ್ ಸದ್ದು. ಇನ್ನೊಬ್ಬನಿಗೆ ಅಳುತ್ತಲೇ ಇರುವ ಮಗು. ಆಮೇಲೆ ವೈವಾ. ಬೆಳಿಗ್ಗೆ ಒಂಬತ್ತಕ್ಕೆ ಬಂದವನಿಗೆ ಒಂದು ಬಗೆ, ಸಂಜೆ ನಾಲ್ಕಕ್ಕೆ ದಣಿದ ಪರೀಕ್ಷಕರ ಎದುರು ಕೂತವನಿಗೆ ಇನ್ನೊಂದು ಬಗೆ. ಇಂಗ್ಲಿಷ್ ಚೆನ್ನಾಗಿ ಮಾತಾಡುವವನಿಗೆ ಗೊತ್ತಿಲ್ಲದೆಯೇ ಎರಡು ಅಂಕ ಹೆಚ್ಚು ಬೀಳುತ್ತದೆ. ನಾನೂ ಹಾಗೆ ಕೊಟ್ಟಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಂಡು, ಯಾವ ಉತ್ತರಕ್ಕೆ ಎಷ್ಟು ಎಂದು ಇಬ್ಬರೂ ಪರೀಕ್ಷಕರು ಕೂತು ಮಾತಾಡಿಕೊಂಡರೆ ಈ ಏರುಪೇರು ಎಷ್ಟೋ ತಗ್ಗುತ್ತದೆ ಎಂದು ನನಗೆ ಗೊತ್ತಾಗಿದ್ದೇ ವರ್ಕ್‌ಶಾಪಿನಲ್ಲಿ.

ಇನ್ನೊಂದು ಸಂಗತಿ ಇದೆ. ಇದು ನನಗೆ ತುಂಬಾ ಇಷ್ಟವಾದದ್ದು. ಎಂಸಿಕ್ಯೂ, ಅಂದರೆ ಕೊಟ್ಟ ಆಯ್ಕೆಗಳಲ್ಲಿ ಸರಿ ಉತ್ತರ ಆರಿಸುವ ಪರೀಕ್ಷೆ, ಆದ ಮೇಲೆ ಪ್ರಶ್ನೆಗಳನ್ನೇ ಪರೀಕ್ಷೆ ಮಾಡುವುದು, ಅಂದರೆ ಐಟಂ ಅನಾಲಿಸಿಸ್. 100 ಮಕ್ಕಳು ಬರೆದಿದ್ದಾರೆ ಅಂದುಕೊಳ್ಳಿ. ಒಟ್ಟು ಅಂಕದಲ್ಲಿ ಮೇಲಿನ 27 ಜನ, ಕೆಳಗಿನ 27 ಜನರನ್ನು ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 24 ಮಂದಿ, ಕೆಳಗಿನವರಲ್ಲಿ 6 ಮಂದಿ ಸರಿ ಉತ್ತರ ಕೊಟ್ಟಿದ್ದಾರೆ. ಎರಡರ ವ್ಯತ್ಯಾಸ 18. ಅದನ್ನು 27ರಿಂದ ಭಾಗಿಸಿದರೆ 0.67. ಓದಿದವರನ್ನೂ ಓದದವರನ್ನೂ ಚೆನ್ನಾಗಿ ಬೇರೆ ಮಾಡಿದ ಪ್ರಶ್ನೆ ಇದು, ಎತ್ತಿಟ್ಟುಕೊಳ್ಳಬೇಕು. ಇನ್ನೊಂದು ಪ್ರಶ್ನೆಗೆ ಮೇಲಿನವರಲ್ಲಿ 10, ಕೆಳಗಿನವರಲ್ಲಿ 15 ಸರಿ. ಲೆಕ್ಕ ಮೈನಸ್‌ಗೆ ಹೋಯಿತು. ಗೊತ್ತಿದ್ದವರೇ ಜಾಸ್ತಿ ತಪ್ಪಿದ್ದಾರೆ ಅಂದರೆ ತಪ್ಪು ಹೆಚ್ಚಾಗಿ ನಮ್ಮಲ್ಲೇ ಇರುತ್ತದೆ. ಕೀ ಉತ್ತರ ತಪ್ಪಿರಬೇಕು, ಇಲ್ಲವೇ ಎರಡು ಆಯ್ಕೆಗಳು ಸರಿ ಎನ್ನುವಂತಿರಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು. ಆದರೂ ಪರೀಕ್ಷೆ ಮುಗಿದ ಕೂಡಲೇ ಅಂಕ ಹಾಕಿ ಪೇಪರ್ ಕಟ್ಟಿಡುವುದೇ ನಮಗೆ ರೂಢಿ.

ಇಷ್ಟೆಲ್ಲ ಕಲಿಸುತ್ತಾರಲ್ಲ, ಮತ್ತೆ ತೊಂದರೆ ಎಲ್ಲಿ? ವರ್ಕ್‌ಶಾಪ್ ಮುಗಿದ ಮಾರನೇ ದಿನದಿಂದ.

ಸುಮಾರು 30 ಜನ ಶಿಕ್ಷಕರು ಮೂರು ದಿನ ಕೂತು ಕಲಿಯುತ್ತಾರೆ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬಹುತೇಕ ಎಲ್ಲರೂ 'ತುಂಬಾ ಉಪಯೋಗವಾಯಿತು' ಎಂದು ಬರೆಯುತ್ತಾರೆ. ಶುರುವಿನಲ್ಲೂ ಕೊನೆಯಲ್ಲೂ ಒಂದೊಂದು ಟೆಸ್ಟ್ ಇರುತ್ತದೆ, ಅಂಕ ಏರಿರುತ್ತದೆ. ಗ್ರೂಪ್ ಫೋಟೋ, ಸರ್ಟಿಫಿಕೇಟ್. ತರಬೇತಿಯ ಫಲವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಹೇಳಿದ ನಾಲ್ಕು ಹಂತಗಳಿವೆ. ಬಂದವರಿಗೆ ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಅದರಿಂದ ಫಲ ಸಿಕ್ಕಿತೇ. ನಾವು ಮೊದಲ ಎರಡನ್ನು ಅಳೆದು ಫೈಲ್ ಮುಚ್ಚುತ್ತೇವೆ. ಮೂರನೆಯದನ್ನು ನೋಡಬೇಕಾದರೆ ಯಾರಾದರೂ ಆ ಶಿಕ್ಷಕರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ಯಾರೂ ಹೋಗುವುದಿಲ್ಲ.

ವಾಪಸ್ ಹೋದ ಶಿಕ್ಷಕರ ಪರಿಸ್ಥಿತಿಯನ್ನೂ ನೋಡಬೇಕು. ಸೋಮವಾರ ಓಪಿಡಿಯಲ್ಲಿ ಕ್ಯೂ ಕಾಯುತ್ತಿರುತ್ತದೆ. ಹೊಸ ರೀತಿಯ ಪ್ರಶ್ನೆ ತೆಗೆದುಕೊಂಡು ಹೋದರೆ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ, "ಯೂನಿವರ್ಸಿಟಿ ಪರೀಕ್ಷೇಲಿ ಹೀಗೆ ಕೇಳಲ್ಲಮ್ಮಾ, ಮಕ್ಕಳು ಫೇಲಾಗ್ತಾರೆ" ಅನ್ನುತ್ತಾರೆ. ಅವರ ಭಯವೂ ಸುಳ್ಳಲ್ಲ. ಪ್ರಮೋಷನ್ ಬಂದಾಗ ಯಾರೂ ನಿಮ್ಮ ಪಾಠ ಹೇಗಿದೆ ಎಂದು ಕೇಳುವುದಿಲ್ಲ. ಪೇಪರ್ ಎಷ್ಟು, ಸರ್ಟಿಫಿಕೇಟ್ ಇದೆಯಾ, ಅಷ್ಟೇ. ಪ್ರಮೋಷನ್‌ಗೆ ಬೇಕಾದದ್ದರಿಂದ ತುಂಬಾ ಜನ ಕೋರ್ಸಿಗೆ ಬರುವುದೂ ಆ ಹೊತ್ತಿಗೇ, ಅಂದರೆ ಪಾಠ ಶುರುಮಾಡಿ ಮೂರು ನಾಲ್ಕು ವರ್ಷವಾದ ಮೇಲೆ. ಅಷ್ಟರಲ್ಲಿ ಕೈ ಪಳಗಿರುತ್ತದೆ, ಅಭ್ಯಾಸ ಗಟ್ಟಿಯಾಗಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲೇ ಈ ಕೋರ್ಸ್ ಆಗಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನಮ್ಮ ಪಠ್ಯಕ್ರಮದಲ್ಲೇ ಇದಕ್ಕೆ ಒಂದು ದಾರಿ ಇದೆ. ಕೌಶಲ ಕಲಿಸಲು ಡಿಒಎಪಿ ಎಂಬ ಕ್ರಮ ಹೇಳಿದ್ದಾರೆ. ಮೊದಲು ಶಿಕ್ಷಕರು ಮಾಡಿ ತೋರಿಸಬೇಕು. ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಗಮನಿಸಬೇಕು. ಆಮೇಲೆ ಕೈಜೋಡಿಸಬೇಕು. ಕೊನೆಗೆ ನಮ್ಮ ಕಣ್ಣೆದುರು ತಾನೇ ಮಾಡಬೇಕು. ಒಂದು ಇಂಜೆಕ್ಷನ್ ಕೊಡುವುದನ್ನು ಕಲಿಯಲು ಇಷ್ಟು ಹಂತ ಬೇಕು ಎಂದು ನಾವು ಒಪ್ಪಿದ್ದೇವೆ. ಪಾಠ ಮಾಡುವುದು, ಪರೀಕ್ಷೆ ಮಾಡುವುದು ಅದಕ್ಕಿಂತ ಸುಲಭವಾ? ಶಿಕ್ಷಕರ ವಿಷಯಕ್ಕೆ ಬಂದರೆ ಮಾತ್ರ ಹೆಚ್ಚುಕಡಿಮೆ ಮೊದಲ ಹಂತಕ್ಕೇ ನಿಲ್ಲಿಸಿಬಿಡುತ್ತೇವೆ.

ಉಳಿದ ಹಂತಗಳು ವಾರ್ಡಿನಲ್ಲೇ ನಡೆಯಬೇಕು. ಅದು ಹೇಗಿರುತ್ತದೆ ಎಂದು ಹೇಳುತ್ತೇನೆ. ನಮ್ಮಲ್ಲಿ ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರ ಬೆಡ್‌ಸೈಡ್ ಕ್ಲಿನಿಕ್‌ನಲ್ಲಿ ನಾನು ಸುಮ್ನೆ ಹಿಂದೆ ನಿಂತಿದ್ದೆ. ವಿದ್ಯಾರ್ಥಿನಿ ಕೆಮ್ಮು, ಜ್ವರ ಇದ್ದ ಮಗುವಿನ ಕೇಸ್ ಹೇಳಿದಳು. ಮುಗಿಸುವ ಮೊದಲೇ ಇವರು, "ನ್ಯುಮೋನಿಯಾ. ಸರಿ, ಕಾರಣಗಳನ್ನ ಹೇಳು" ಅಂದುಬಿಟ್ಟರು. ಕ್ಲಿನಿಕ್ ಮುಗಿದ ಮೇಲೆ ಇಬ್ಬರೂ ಕಾರಿಡಾರಿನಲ್ಲಿ ನಿಂತು ಮಾತಾಡಿದೆವು. ಒನ್ ಮಿನಿಟ್ ಪ್ರಿಸೆಪ್ಟರ್ ಎಂಬ ಐದು ಹೆಜ್ಜೆಯ ವಿಧಾನ ಅವರಿಗೆ ಗೊತ್ತಿತ್ತು, ಬೇಸಿಕ್ ಕೋರ್ಸಿನಲ್ಲಿ ಕೇಳಿದ್ದರು. ಬಳಸಿರಲಿಲ್ಲ. ಮಾರನೇ ದಿನ ಬಳಸಿದರು. "ನಿನಗೇನು ಅನ್ಸತ್ತೆ?" ಎಂದು ಕೇಳಿ ಕಾದರು. ಹುಡುಗಿ ಯೋಚಿಸಿ ನ್ಯುಮೋನಿಯಾ ಅಂದಳು. "ಯಾಕೆ ಹಾಗೆ ಅನ್ಸತ್ತೆ?" ಅಂದರು. ಉಸಿರಿನ ವೇಗ ಜಾಸ್ತಿ, ಎದೆಗೂಡು ಒಳಗೆ ಎಳೀತಿದೆ ಅಂದಳು. ಒಂದು ನಿಯಮ ಹೇಳಿಕೊಟ್ಟರು: ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ಆಮೇಲೆ, "ಎದೆಗೂಡು ಗಮನಿಸಿದ್ದು ತುಂಬಾ ಒಳ್ಳೇದಾಯ್ತು. ಉಸಿರನ್ನ ಮಾತ್ರ ಪೂರ್ತಿ ಒಂದು ನಿಮಿಷ ಎಣಿಸು, ಅರ್ಧ ನಿಮಿಷಕ್ಕೆ ನಿಲ್ಲಿಸಬೇಡ" ಅಂದರು. ಹುಡುಗಿ ಮತ್ತೆ ಮಗುವಿನ ಹತ್ತಿರ ಹೋಗಿ ಎಣಿಸಿದಳು.

ಇದಕ್ಕೆ ಹಿಡಿದ ಸಮಯ ಹಿಂದಿನ ದಿನಕ್ಕಿಂತ ಎರಡು ಮೂರು ನಿಮಿಷ ಜಾಸ್ತಿ. ಒಬ್ಬರು ಹಿಂದೆ ನಿಂತು ನೋಡಿ, ಆಮೇಲೆ ಮಾತಾಡಿದ್ದಕ್ಕೆ ಅದು ಸಾಧ್ಯವಾಯಿತು. ಇಲ್ಲಿ ಒಂದು ಎಚ್ಚರ ಬೇಕು. ಈ ನೋಡುವಿಕೆ ತನಿಖೆಯಾಗಬಾರದು. ಡೀನ್ ಆಫೀಸಿಗೆ ವರದಿ ಹೋಗುತ್ತದೆ ಎಂದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಇಬ್ಬರು ಜೊತೆಗಾರರ ನಡುವೆ ಉಳಿಯಬೇಕು. ಈ ಸಲ ನಾನು ನಿಮ್ಮ ಕ್ಲಾಸಿಗೆ, ಮುಂದಿನ ಸಲ ನೀವು ನನ್ನ ಕ್ಲಾಸಿಗೆ.

ಇದು ಈಗ ಇನ್ನೂ ಜರೂರಾಗಿದೆ. ಸರ್ಕಾರದ ಲೆಕ್ಕದಲ್ಲೇ 2014ಕ್ಕೆ ಮೊದಲು ದೇಶದಲ್ಲಿ 387 ಮೆಡಿಕಲ್ ಕಾಲೇಜುಗಳಿದ್ದವು. ಹತ್ತು ಹನ್ನೊಂದು ವರ್ಷದಲ್ಲಿ ಅದು ಎರಡು ಪಟ್ಟಾಗಿದೆ. ಎಂಬಿಬಿಎಸ್ ಸೀಟು 51 ಸಾವಿರದಿಂದ ಒಂದು ಲಕ್ಷ ದಾಟಿದೆ. ಕಟ್ಟಡ ಎರಡು ಮೂರು ವರ್ಷದಲ್ಲಿ ಏಳುತ್ತದೆ. ಪಾಠ ಮಾಡುವವರು ಅಷ್ಟು ಬೇಗ ತಯಾರಾಗುವುದಿಲ್ಲ. ಈ ಕೊರತೆ ತುಂಬಲು 2025ರ ಹೊಸ ನಿಯಮಗಳಲ್ಲಿ 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಗಳ ತಜ್ಞ ವೈದ್ಯರಿಗೂ ಶಿಕ್ಷಕರಾಗಲು ದಾರಿ ಮಾಡಿದ್ದಾರೆ. ಹತ್ತು ವರ್ಷದ ಅನುಭವ ಇದ್ದವರು ನೇರ ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಇದಕ್ಕೆ ವಿರೋಧ ಮಾಡಿದವರಿದ್ದಾರೆ. ನಾನು ಆ ಸಾಲಿನಲ್ಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ವರ್ಷ ರೋಗಿಗಳನ್ನು ನೋಡಿದವರ ಹತ್ತಿರ ನಮ್ಮ ಮಕ್ಕಳಿಗೆ ಕಲಿಯಲು ಬೇಕಾದಷ್ಟಿದೆ. ಆದರೆ ಅವರನ್ನು ಸೀದಾ ವೈವಾ ಟೇಬಲ್ಲಿಗೆ ಕೂರಿಸಿದರೆ, ಮೊದಲ ದಿನ ನಮ್ಮನ್ನು ಕೂರಿಸಿದಾಗ ಆದ ತಪ್ಪೇ ಮತ್ತೆ ಆಗುತ್ತದೆ.

ಕಾಲೇಜುಗಳು ದೊಡ್ಡ ಆದೇಶಕ್ಕೆ ಕಾಯದೆ ಮಾಡಬಹುದಾದ ಕೆಲಸ ಇದೆ. ಮೆಡಿಕಲ್ ಎಜುಕೇಶನ್ ಯೂನಿಟ್ಟಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೆ ಅರ್ಧ ದಿನವಾದರೂ ಓಪಿಡಿಯಿಂದ ಬಿಡುವು ಕೊಡಿ. ಈಗ ಅವರು ಈ ಕೆಲಸವನ್ನು ಸಂಜೆ ಐದರ ಮೇಲೆ ಮಾಡುತ್ತಾರೆ. ಇಂಟರ್ನಲ್ಸ್ ಪತ್ರಿಕೆ ಪ್ರಿಂಟಿಗೆ ಹೋಗುವ ಮೊದಲು ಬೇರೆ ವಿಭಾಗದ ಒಬ್ಬರು ಓದಲಿ. ಪ್ರಶ್ನೆ ಅರ್ಥವಾಗದಿದ್ದರೆ ಅವರಿಗೇ ಮೊದಲು ಗೊತ್ತಾಗುತ್ತದೆ. ಯೂನಿವರ್ಸಿಟಿಗಳ ಪಾಲು ಇನ್ನೂ ದೊಡ್ಡದು. ಎಚ್‌ಒಡಿ ಹೇಳಿದ ಮಾತು ನೆನಪಿದೆ ಅಲ್ವಾ? ಕೊನೆಯ ಪರೀಕ್ಷೆ ಬದಲಾಗದೆ ನಡುವಿನದು ಯಾವುದೂ ನಿಲ್ಲುವುದಿಲ್ಲ. ಪರೀಕ್ಷಕರಿಗೆ ನೇಮಕದ ಪತ್ರ ಕಳಿಸುವಾಗ ಪ್ರಯಾಣ ಭತ್ಯೆಯ ಫಾರ್ಮ್ ಜೊತೆಗೆ ವೈವಾದ ಪ್ರಶ್ನೆಗಳು, ಅಂಕ ಹಂಚುವ ಚೆಕ್‌ಲಿಸ್ಟ್ ಕೂಡ ಹೋಗಲಿ. ಪರೀಕ್ಷೆಯ ಹಿಂದಿನ ದಿನ ನಾಲ್ವರೂ ಪರೀಕ್ಷಕರು ಒಂದು ಗಂಟೆ ಕೂತು ಅದನ್ನು ಓದಲಿ.

ನಮ್ಮ ವಿಭಾಗದ ಓಸ್ಕಿಯಲ್ಲಿ ಈಗ ಒಂದು ಸ್ಟೇಷನ್ ಇದೆ. ಮೇಜಿನ ಮೇಲೆ ಒಂದು ಲೋಟ, ಒಂದು ಲೀಟರಿನ ಬಾಟಲಿ, ಒಆರ್‌ಎಸ್ ಪ್ಯಾಕೆಟ್. ಎದುರು ತಾಯಿಯ ಪಾತ್ರದಲ್ಲಿ ಒಬ್ಬರು ಸಿಸ್ಟರ್. ವಿದ್ಯಾರ್ಥಿ ಕನ್ನಡದಲ್ಲೇ ಹೇಳಬೇಕು. ಕೈ ತೊಳೆಯಬೇಕು, ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ಪೂರ್ತಿ ಪ್ಯಾಕೆಟ್, ಇಪ್ಪತ್ತನಾಲ್ಕು ಗಂಟೆ ಆದಮೇಲೆ ಚೆಲ್ಲಿಬಿಡಬೇಕು. ಚೆಕ್‌ಲಿಸ್ಟಿನ ಕೊನೆಯ ಸಾಲಿಗೆ ಎರಡು ಅಂಕ: 'ಹೇಳಿದ್ದು ಅರ್ಥವಾಯಿತೇ ಎಂದು ತಾಯಿಯಿಂದ ಮತ್ತೆ ಹೇಳಿಸಿದನೇ?' ಮೊದಲ ವರ್ಷ ಹೆಚ್ಚಿನವರು ಆ ಎರಡು ಅಂಕ ಕಳೆದುಕೊಂಡರು. ಮುಂದಿನ ಬ್ಯಾಚಿನವರು ವಾರ್ಡಿನಲ್ಲಿ ತಾಯಂದಿರ ಹತ್ತಿರ ಅದನ್ನು ಅಭ್ಯಾಸ ಮಾಡುತ್ತಿದ್ದುದನ್ನು ನಾನು ನೋಡಿದೆ.